ತೂಕ ಇಳಿಯುವ ಮೊದಲೇ ರಕ್ತದೊತ್ತಡ ಇಳಿಯಬಹುದು
(ಆರೋಗ್ಯ ಪಾಠ: ತೀವ್ರ ಬೊಜ್ಜು ಇರುವವರಿಗೆ ವ್ಯಾಯಾಮ)



ಗುಪ್ತ ಕೆಚ್ಚಲು ಬಾವು ನಮಗೆಲ್ಲ ಗೊತ್ತಿರುವ ರೋಗ. ಹಸು ಮೇವು ತಿನ್ನುತ್ತದೆ, ಕೆಚ್ಚಲು ಊದಿರುವುದಿಲ್ಲ, ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಆದರೂ ಒಳಗೊಳಗೇ ಕೆಚ್ಚಲು ಕೆಡುತ್ತಿರುತ್ತದೆ. ಪರೀಕ್ಷೆ ಮಾಡಿದಾಗಲೇ ತಿಳಿಯುವುದು. ಮನುಷ್ಯರಲ್ಲಿ ಅಧಿಕ ರಕ್ತದೊತ್ತಡವೂ, ಅಂದರೆ ಬಿ.ಪಿ.ಯೂ, ಹೀಗೆಯೇ. ಹೆಚ್ಚಿನವರಿಗೆ ನೋವಿಲ್ಲ, ಜ್ವರವಿಲ್ಲ. ಹೃದಯ, ಮೂತ್ರಪಿಂಡ ಮತ್ತು ಮೆದುಳಿನ ರಕ್ತನಾಳಗಳು ಮಾತ್ರ ಸದ್ದಿಲ್ಲದೆ ಹಾಳಾಗುತ್ತಿರುತ್ತವೆ.

ಮೈತೂಕ ಬಹಳ ಹೆಚ್ಚಿರುವವರಲ್ಲಿ ಈ ತೊಂದರೆ ಹೆಚ್ಚು. ನಡೆಯಿರಿ ಎಂದು ಡಾಕ್ಟರು ಹೇಳುತ್ತಾರೆ. ಕೆಲವರು ಎರಡು ತಿಂಗಳು ನಡೆದು, "ಒಂದು ಕೆ.ಜಿ.ಯೂ ಇಳಿಯಲಿಲ್ಲ, ಇದರಿಂದ ಏನು ಪ್ರಯೋಜನ?" ಎಂದು ಬಿಟ್ಟುಬಿಡುತ್ತಾರೆ. ಈ ತಿಂಗಳ ಪಾಠ ಆ ಪ್ರಶ್ನೆಗೆ ಉತ್ತರ.

ತೀವ್ರ ಬೊಜ್ಜು ಎಂದರೆ ಎಷ್ಟು?

ಮೈತೂಕವನ್ನು ಕೆ.ಜಿ.ಯಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. ಉತ್ತರ 30 ಅಥವಾ ಹೆಚ್ಚು ಬಂದರೆ ಬೊಜ್ಜು, 35 ಮುಟ್ಟಿದರೆ ತೀವ್ರ ಬೊಜ್ಜು, 40 ಮುಟ್ಟಿದರೆ ಅತಿ ತೀವ್ರ. ಉದಾಹರಣೆಗೆ, 160 ಸೆಂ.ಮೀ. (ಸುಮಾರು 5 ಅಡಿ 3 ಅಂಗುಲ) ಎತ್ತರದವರು 90 ಕೆ.ಜಿ. ಇದ್ದರೆ ಉತ್ತರ 35, 105 ಕೆ.ಜಿ. ಇದ್ದರೆ 41. ನಮ್ಮ ಏಷ್ಯಾದ ಜನರಲ್ಲಿ 23 ದಾಟಿದಾಗಿನಿಂದಲೇ ಅಪಾಯ ಏರತೊಡಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ತಿಳಿಸಿದ್ದಾರೆ.

ಬೊಜ್ಜಿನಿಂದ ಒತ್ತಡ ಏರುವುದೇಕೆ?

ಒಂದೇ ಪಂಪ್‌ಸೆಟ್ಟಿಗೆ ವರ್ಷ ವರ್ಷ ಹೊಸ ತಾಕು ಸೇರಿಸುತ್ತಾ ಹೋದರೆ ಏನಾಗುತ್ತದೆ? ಪೈಪು ಉದ್ದವಾಗುತ್ತದೆ, ಹೆಚ್ಚು ನೀರು ಬೇಕಾಗುತ್ತದೆ, ಮೋಟಾರಿನ ಮೇಲೆ ಭಾರ ಬೀಳುತ್ತದೆ. ಕೊಬ್ಬಿಗೂ ರಕ್ತ ಬೇಕು. ಮೈ ಬೆಳೆದಂತೆ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ.

ಜೊತೆಗೆ ಇನ್ನೆರಡು ಕೆಡುಕು. ಒಂದು, ಮೂತ್ರಪಿಂಡಗಳು ಉಪ್ಪು ಮತ್ತು ನೀರನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ಎರಡು, ನರಗಳು ರಕ್ತನಾಳಗಳನ್ನು ಸದಾ ಬಿಗಿ ಹಿಡಿದಿರುತ್ತವೆ. ವಾಲ್ವು ಅರ್ಧ ಮುಚ್ಚಿ ಪಂಪು ಓಡಿಸಿದ ಹಾಗೆ. ಇಂಥವರಲ್ಲಿ ಹಲವರಿಗೆ ರಾತ್ರಿ ಜೋರು ಗೊರಕೆಯ ನಡುವೆ ಉಸಿರು ಕಟ್ಟುವುದೂ ಉಂಟು. ಅದೂ ಒತ್ತಡ ಏರಿಸುತ್ತದೆ. ಮನೆಯವರು ಇದನ್ನು ಗಮನಿಸಿದ್ದರೆ ಡಾಕ್ಟರಿಗೆ ತಿಳಿಸಬೇಕು.

ವ್ಯಾಯಾಮ ಏನು ಮಾಡುತ್ತದೆ?

ನಡೆಯುವಾಗ ಬಿ.ಪಿ.ಯ ಮೇಲಿನ ಸಂಖ್ಯೆ ಏರುತ್ತದೆ. ಇದು ಸಹಜ. ನಿಂತ ಮೇಲೆ ಅದು ಇಳಿಯುತ್ತದೆ. ಮೊದಲು ಇದ್ದುದಕ್ಕಿಂತಲೂ ಸ್ವಲ್ಪ ಕೆಳಗೇ ಇಳಿದು ಹಲವು ಗಂಟೆ ಹಾಗೆಯೇ ಇರುತ್ತದೆ. ರಕ್ತ ರಭಸದಿಂದ ಹರಿದಾಗ ರಕ್ತನಾಳದ ಒಳಪದರ ತನ್ನಿಂದ ತಾನೇ ಸಡಿಲಗೊಳ್ಳುತ್ತದೆ, ನರಗಳ ಬಿಗಿ ಕಡಿಮೆಯಾಗುತ್ತದೆ. ವಾರಗಟ್ಟಲೆ ಬಿಡದೆ ಮಾಡಿದರೆ ಈ ಸಡಿಲಿಕೆ ನಿಲ್ಲುತ್ತದೆ. ಇದಕ್ಕೆ ತೂಕ ಇಳಿಯಲೇಬೇಕೆಂದಿಲ್ಲ. ಆದ್ದರಿಂದ ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ನಡೆದದ್ದು ವ್ಯರ್ಥವಲ್ಲ.

ಆದರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಲಾಭ ಕರಗಿಹೋಗುತ್ತದೆ. ಭಾನುವಾರ ಎಂದು ಹಾಲು ಕರೆಯುವುದನ್ನು ನಾವು ನಿಲ್ಲಿಸುವುದಿಲ್ಲ. ಇದೂ ಅದೇ ಲೆಕ್ಕದ ಕೆಲಸ.

ಎಷ್ಟು ಇಳಿಯಬಹುದು?

ಬಿ.ಪಿ. ಹೆಚ್ಚಿರುವವರು ಕ್ರಮವಾಗಿ ಚುರುಕು ನಡಿಗೆ ಮಾಡಿದರೆ ಮೇಲಿನ ಸಂಖ್ಯೆ ಸಾಮಾನ್ಯವಾಗಿ 5ರಿಂದ 8 ಮಿ.ಮೀ. ಇಳಿಯುತ್ತದೆ. ಎಲ್ಲರಲ್ಲೂ ಒಂದೇ ಸಮ ಇಳಿಯುವುದಿಲ್ಲ. ಬಹಳ ದಪ್ಪವಿರುವವರಲ್ಲಿ ಕೆಲವರಿಗೆ ಕಡಿಮೆಯೂ ಆಗಬಹುದು. ಊಟ ಹಿಡಿತದಲ್ಲಿಟ್ಟು ತೂಕವನ್ನೂ ಇಳಿಸಿದರೆ, ಇಳಿದ ಪ್ರತಿ ಕೆ.ಜಿ.ಗೆ ಸುಮಾರು 1 ಮಿ.ಮೀ. ಲಾಭ ಸೇರುತ್ತದೆ.

5 ಮಿ.ಮೀ. ಏನು ಮಹಾ ಎನ್ನಬೇಡಿ. 48 ಅಧ್ಯಯನಗಳ 3 ಲಕ್ಷ 44 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಮಾತ್ರೆಯಿಂದ ಮೇಲಿನ ಸಂಖ್ಯೆ 5 ಮಿ.ಮೀ. ಇಳಿದಾಗ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಅಪಾಯಗಳು ನೂರಕ್ಕೆ ಹತ್ತರಷ್ಟು ಕಡಿಮೆಯಾದವು ಎಂದು ಅದು ತೋರಿಸಿತು.

ಕೊಟ್ಟಿಗೆ ಕೆಲಸ ಸಾಲದೇ?

ಇದು ನಮ್ಮ ಸದಸ್ಯರು ಕೇಳುವ ನ್ಯಾಯವಾದ ಪ್ರಶ್ನೆ. ಮೇವು ಕೊಯ್ದು ಹೊತ್ತು ತರುವುದು, ಕೊಟ್ಟಿಗೆ ಗುಡಿಸಿ ತೊಳೆಯುವುದು ಉಸಿರು ಚುರುಕಾಗುವಂತಿದ್ದರೆ ಖಂಡಿತ ಲೆಕ್ಕಕ್ಕೆ ಸೇರುತ್ತದೆ. ಆದರೆ ಈಗ ಎಷ್ಟೋ ಮನೆಗಳಲ್ಲಿ ಮೇವು ಕತ್ತರಿಸಲು ಯಂತ್ರ, ಹಾಲು ಕರೆಯಲು ಯಂತ್ರ, ಡೈರಿಗೆ ಹೋಗಲು ಬೈಕು. ದಣಿವು ಇದೆ, ನಡಿಗೆ ಇಲ್ಲ.

ಉಸಿರು ಬಿಗಿಹಿಡಿದು ತುಂಬಿದ ಕ್ಯಾನು ಎತ್ತುವುದು ಬೇರೆಯೇ ಮಾತು. 40 ಲೀಟರ್ ಹಾಲೇ 41 ಕೆ.ಜಿ. ತೂಗುತ್ತದೆ. ಉಸಿರು ಕಟ್ಟಿ ಎತ್ತಿದಾಗ ಬಿ.ಪಿ. ಆ ಕ್ಷಣದಲ್ಲಿ ಬಹಳ ಮೇಲಕ್ಕೆ ನೆಗೆಯುತ್ತದೆ. ಬಿ.ಪಿ. ಇರುವವರು ಕ್ಯಾನನ್ನು ಇಬ್ಬರು ಹಿಡಿದು, ಉಸಿರು ಬಿಡುತ್ತಾ ಎತ್ತಬೇಕು.

ಆರಂಭಿಸುವ ಕ್ರಮ

1. ಮೊದಲು ಡಾಕ್ಟರನ್ನು ಕಾಣಿರಿ. ಮೇಲಿನದು 180 ಅಥವಾ ಕೆಳಗಿನದು 110 ದಾಟಿದ್ದರೆ, ಅದು ಹತೋಟಿಗೆ ಬಂದ ಮೇಲೆಯೇ ವ್ಯಾಯಾಮ.

2. ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ 5 ನಿಮಿಷ, ಸಂಜೆ 5 ನಿಮಿಷ ನಡೆಯಿರಿ. ವಾರಕ್ಕೊಮ್ಮೆ ಎರಡೆರಡು ನಿಮಿಷ ಏರಿಸಿ. ವಾರಕ್ಕೆ ಒಟ್ಟು 150 ನಿಮಿಷ ಮುಟ್ಟುವುದು ಗುರಿ.

3. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಕೆಲವು ಬಿ.ಪಿ. ಮಾತ್ರೆಗಳು ನಾಡಿಯನ್ನು ನಿಧಾನ ಮಾಡುವುದರಿಂದ ನಾಡಿ ಎಣಿಸಿ ವೇಗ ಗೊತ್ತುಮಾಡಬೇಡಿ.

4. ಮಂಡಿನೋವು ಇದ್ದರೆ ಗಟ್ಟಿ ಕುರ್ಚಿಯಲ್ಲಿ ಕುಳಿತು ಕೈಕಾಲು ಆಡಿಸಿ. ವಾರಕ್ಕೆ ಎರಡು ದಿನ, ಕುರ್ಚಿಯಿಂದ ಎದ್ದು ಕೂರುವುದನ್ನು ಎಂಟು ಹತ್ತು ಸಲ ಮಾಡಿ. ಒಂದು ಕೆ.ಜಿ. ತೂಕ ಇಳಿದರೂ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ.

5. ಥಟ್ಟನೆ ನಿಲ್ಲಬೇಡಿ. ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತಬಹುದು. ಕೊನೆಯ ಐದು ನಿಮಿಷ ನಿಧಾನವಾಗಿ ನಡೆಯಿರಿ.

6. ಎದೆನೋವು, ಎದೆ ಬಿಗಿತ, ವಿಪರೀತ ಉಬ್ಬಸ, ಕಣ್ಣು ಕತ್ತಲೆ ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಅಳೆಯುವಾಗ ಎಚ್ಚರ

ಹಾಲಿನ ಅಳತೆ ತಪ್ಪಾದರೆ ನಾವು ಸುಮ್ಮನಿರುವುದಿಲ್ಲ. ಬಿ.ಪಿ. ಅಳತೆಯಲ್ಲೂ ಹಾಗೆಯೇ ಇರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಸಂಖ್ಯೆ ಸುಮಾರು 20 ಮಿ.ಮೀ. ಹೆಚ್ಚಾಗಿ ಬಂತು. ಆದ್ದರಿಂದ "ದೊಡ್ಡ ಪಟ್ಟಿ ಇದೆಯೇ?" ಎಂದು ಸಂಕೋಚವಿಲ್ಲದೆ ಕೇಳಿ. ನಡೆದು ಬಂದ ತಕ್ಷಣ ಅಳೆಸಬೇಡಿ. ಸ್ವಲ್ಪ ಹೊತ್ತು ಬಿಡಿ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಿ. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ.

ಮಾತ್ರೆ ಬಿಡಬೇಡಿ

ಬಿ.ಪಿ. ಸರಿಯಾಯಿತು ಎಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ವ್ಯಾಯಾಮ ಮಾತ್ರೆಗೆ ಜೋಡಿ ಎತ್ತು, ಬದಲಿ ಎತ್ತಲ್ಲ. ನಡೆಯತೊಡಗಿದ ಮೇಲೆ ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಬದಲಿಸಬೇಕೋ ಎಂದು ಅವರು ನೋಡುತ್ತಾರೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಹಾಕುವ ಉಪ್ಪು ಎಲ್ಲವೂ ಈ ಲೆಕ್ಕದೊಳಗೇ.

ಕೊನೆಯದಾಗಿ ಒಂದು ಮಾತು. ಹಾಲಿನ ಪಾಸ್ ಪುಸ್ತಕದಲ್ಲಿ ಲೀಟರ್ ಮತ್ತು ಫ್ಯಾಟ್ ಎರಡನ್ನೂ ಬರೆಯುತ್ತೇವೆ. ಲೀಟರ್ ಏರದಿದ್ದರೂ ಫ್ಯಾಟ್ ಏರಿದರೆ ಲಾಭವಿದೆ ಎಂದು ನಮಗೆ ಗೊತ್ತು. ಹಾಗೆಯೇ ಒಂದು ಪುಸ್ತಕದಲ್ಲಿ ತೂಕ ಒಂದು ಕಡೆ, ಬಿ.ಪಿ. ಇನ್ನೊಂದು ಕಡೆ ಬರೆಯುತ್ತಾ ಬನ್ನಿ. ತೂಕ ನಿಂತಲ್ಲೇ ನಿಂತಿದ್ದರೂ ಪಕ್ಕದ ಸಾಲು ಇಳಿಯುತ್ತಿರಬಹುದು. ಅದನ್ನು ನೋಡದೆ ನಡಿಗೆ ಬಿಡಬೇಡಿ.