ಅಂಚೆಯಣ್ಣನಿಲ್ಲದ ಅಂಚೆ: ಇ-ಮೇಲ್ ಕಲಿಯುವವರಿಗೆ ಕೆಲವು ಪಾಠಗಳು

ಪತ್ರವೆಂಬುದು ದೂರದವರನ್ನು ಹತ್ತಿರಕ್ಕೆ ತರುವ ಸಾಧನ. ನಾರಾಯಣಖೇಡ್, ಜಹೀರಾಬಾದ್, ತಾಂಡೂರು ಸೀಮೆಯ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ್ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ತಾಲ್ಲೂಕು ಇವೆಲ್ಲವೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ನಾವು ತೆಲಂಗಾಣದವರಾದೆವು. ನಮ್ಮ ಬೀಗತನ ಬೀದರ, ಔರಾದ, ಚಿಂಚೋಳಿಗಳಲ್ಲಿ. ಕಚೇರಿಯ ಕೆಲಸ ಸಂಗಾರೆಡ್ಡಿ, ವಿಕಾರಾಬಾದ್, ಹೈದರಾಬಾದುಗಳಲ್ಲಿ. ಮಕ್ಕಳ ನೌಕರಿ ಬೆಂಗಳೂರು, ಪುಣೆಗಳಲ್ಲಿ, ಕೆಲವರದು ಕಡಲಾಚೆ. ಇಂಥ ಜನರಿಗೆ ಪತ್ರವೇ ಸೇತುವೆ. ಆ ಸೇತುವೆ ಇಂದು ಇ-ಮೇಲ್ ಎಂಬ ರೂಪವನ್ನು ತಾಳಿದೆ.

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾನು ಈ ವಿದ್ಯೆಯನ್ನು ಕಲಿತದ್ದು ನಿವೃತ್ತಿಯ ತರುವಾಯ, ಮೊಮ್ಮಗಳ ಪಕ್ಕದಲ್ಲಿ ಕುಳಿತು. ನನ್ನ ವಯಸ್ಸಿನವರಿಗೂ ಹೊಸದಾಗಿ ಕಲಿಯುವ ತಾಯಂದಿರಿಗೂ ಉಪಯೋಗವಾಗಲೆಂದು ನಾಲ್ಕು ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

ಹುಟ್ಟು ಮತ್ತು ಬೆಳವಣಿಗೆ

1971ರಲ್ಲಿ ಅಮೆರಿಕದ ರೇ ಟಾಮ್‌ಲಿನ್‌ಸನ್ ಎಂಬ ತಂತ್ರಜ್ಞರು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಜಾಲದ ಮೂಲಕ ಸಂದೇಶವನ್ನು ಕಳುಹಿಸಿದರು. ಹೆಸರನ್ನೂ ಊರನ್ನೂ ಬೇರ್ಪಡಿಸಲು ‘ಅಟ್’ ಎಂಬ @ ಚಿಹ್ನೆಯನ್ನು ಆರಿಸಿದವರೂ ಅವರೇ. ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆಯತೊಡಗಿತು. ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡಗೂಡಿ 1996ರಲ್ಲಿ ‘ಹಾಟ್‌ಮೇಲ್’ ಎಂಬ ಉಚಿತ ಸೇವೆಯನ್ನು ಆರಂಭಿಸಿದರು. 2004ರಲ್ಲಿ ‘ಜಿಮೇಲ್’ ಬಂದಿತು.

ವಿಳಾಸದ ರಚನೆ ಸರಳವಾದುದು. @ ಚಿಹ್ನೆಯ ಎಡಕ್ಕಿರುವುದು ವ್ಯಕ್ತಿಯ ಹೆಸರು. ಬಲಕ್ಕಿರುವುದು ಅವನ ಅಂಚೆ ಕಚೇರಿ ಎಂದು ತಿಳಿಯಿರಿ. ಒಂದು ಅಕ್ಷರ ತಪ್ಪಿದರೂ ಪತ್ರವು ಹಿಂದಿರುಗುತ್ತದೆ, ಇಲ್ಲವೇ ಅಪರಿಚಿತರ ಕೈಸೇರುತ್ತದೆ. ನಮ್ಮ ಹಳೆಯ ಪೋಸ್ಟ್‌ಮನ್ ಅರ್ಧ ವಿಳಾಸ ನೋಡಿಯೇ ಮನೆಯನ್ನು ಗುರುತಿಸುತ್ತಿದ್ದ. ಯಂತ್ರಕ್ಕೆ ಆ ಕರುಣೆಯಿಲ್ಲ.

ಕೀಲಿಕೈ ನಿಮ್ಮಲ್ಲಿರಲಿ

ನಮ್ಮ ಕಡೆ ಅರ್ಜಿ ತುಂಬಿಸಲು ಮಕ್ಕಳನ್ನು ಅಂಗಡಿಗೆ ಕಳುಹಿಸುವುದು ರೂಢಿ. ಅಂಗಡಿಯವನು ಅವಸರದಲ್ಲಿ ತನ್ನದೇ ಮೊಬೈಲ್ ಸಂಖ್ಯೆಯನ್ನು ಕೊಟ್ಟು ವಿದ್ಯಾರ್ಥಿಯ ಹೆಸರಿನಲ್ಲಿ ಇ-ಮೇಲ್ ತೆರೆಯುತ್ತಾನೆ. ನಾನು ಬಲ್ಲ ಒಬ್ಬ ವಿದ್ಯಾರ್ಥಿನಿಗೆ ಕಾಲೇಜು ಪ್ರವೇಶದ ಕರೆ ಹೀಗೆ ತೆರೆದ ಇ-ಮೇಲಿಗೇ ಬಂದಿತ್ತು. ಗುಪ್ತಪದ ಅವಳಿಗೆ ತಿಳಿಯದು, ಅಂಗಡಿಯವನು ಊರಲ್ಲಿರಲಿಲ್ಲ. ಅವಳು ಪತ್ರವನ್ನು ಓದುವಷ್ಟರಲ್ಲಿ ದಿನ ಮೀರಿತ್ತು. ಒಂದು ವರ್ಷವೇ ಕೈತಪ್ಪಿತು. ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಇ-ಮೇಲನ್ನು ಮನೆಯವರ ಮೊಬೈಲ್ ಸಂಖ್ಯೆಯಿಂದಲೇ ತೆರೆಯಿರಿ. ಗುಪ್ತಪದವು ಉದ್ದವಾಗಿರಲಿ, ಜನ್ಮದಿನಾಂಕ, ಮಗುವಿನ ಹೆಸರು ಬೇಡ. ‘ಎರಡು ಹಂತದ ದೃಢೀಕರಣ’ ಎಂಬ ವ್ಯವಸ್ಥೆಯನ್ನು ಚಾಲೂ ಮಾಡಿಸಿರಿ. ಆಗ ಗುಪ್ತಪದ ಕಳವಾದರೂ ಎರಡನೆಯ ಬೀಗ ಉಳಿದಿರುತ್ತದೆ. ಪರರ ಕಂಪ್ಯೂಟರಿನಲ್ಲಿ ತೆರೆದರೆ ಎದ್ದು ಬರುವ ಮೊದಲು ‘ಲಾಗ್ ಔಟ್’ ಮಾಡುವುದನ್ನು ಮರೆಯಬಾರದು.

ಒಕ್ಕಣೆಯ ಶಿಷ್ಟಾಚಾರ

ಶಾಲೆಯಲ್ಲಿ ನಾವು ಕಲಿಸುತ್ತಿದ್ದ ಪತ್ರಲೇಖನದ ಕ್ರಮವೇ ಇಲ್ಲಿಯೂ ಸಲ್ಲುತ್ತದೆ. ಸಂಬೋಧನೆ, ವಿಷಯ, ಒಡಲು, ಮುಕ್ತಾಯ, ಸಹಿ ಇವೈದೂ ಇರಬೇಕು. ವಿಷಯದ ಸಾಲನ್ನು ಬರಿದಾಗಿ ಬಿಡಬಾರದು. ‘ವರ್ಗಾವಣೆ ಪ್ರಮಾಣಪತ್ರಕ್ಕಾಗಿ ಮನವಿ’ ಎಂದು ಬರೆದರೆ ಓದುವವರ ಶ್ರಮ ತಪ್ಪುತ್ತದೆ. ‘ಉಭಯಕುಶಲೋಪರಿ’ ಎಂದು ಬರೆಯದಿದ್ದರೂ ‘ಮಾನ್ಯರೇ, ನಮಸ್ಕಾರ’ ಎನ್ನಲು ಖರ್ಚೇನೂ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆದರೆ ಕೂಗಿ ಹೇಳಿದಂತಾಗುತ್ತದೆ.

‘ಸಿ.ಸಿ.’ ಎಂದರೆ ಕಾರ್ಬನ್ ಪ್ರತಿ. ಟೈಪ್‌ರೈಟರಿನಲ್ಲಿ ಕಪ್ಪು ಕಾಗದವಿಟ್ಟು ಪ್ರತಿ ತೆಗೆಯುತ್ತಿದ್ದುದನ್ನು ನೆನೆದುಕೊಳ್ಳಿರಿ; ಯಾರಿಗೆ ಪ್ರತಿ ಹೋಗಿದೆಯೆಂದು ಎಲ್ಲರಿಗೂ ಕಾಣುತ್ತದೆ. ‘ಬಿ.ಸಿ.ಸಿ.’ಯಲ್ಲಿ ಬರೆದ ವಿಳಾಸಗಳು ಉಳಿದವರಿಗೆ ಕಾಣುವುದಿಲ್ಲ. ನೂರು ಜನ ಹಳೆಯ ವಿದ್ಯಾರ್ಥಿಗಳಿಗೆ ಆಮಂತ್ರಣ ಕಳುಹಿಸುವಾಗ ಇದನ್ನೇ ಬಳಸುವುದು ಮರ್ಯಾದೆ, ಏಕೆಂದರೆ ಒಬ್ಬರ ವಿಳಾಸವನ್ನು ಕೇಳದೆ ಇನ್ನೊಬ್ಬರಿಗೆ ಒಪ್ಪಿಸುವುದು ಸರಿಯಲ್ಲ. ‘ಎಲ್ಲರಿಗೂ ಉತ್ತರ’ ಎಂಬ ಗುಂಡಿಯನ್ನು ಒತ್ತುವ ಮುನ್ನ ಆ ಉತ್ತರ ನಿಜವಾಗಿಯೂ ಎಲ್ಲರಿಗೆ ಬೇಕೇ ಎಂದು ಯೋಚಿಸಿರಿ. ‘ಈ ಕಾಗದವನ್ನು ಹತ್ತು ಜನರಿಗೆ ಕಳುಹಿಸದಿದ್ದರೆ ಕೇಡಾದೀತು’ ಎಂಬ ಹಳೆಯ ಕಾರ್ಡುಗಳ ಸಂತತಿ ಇಲ್ಲಿಯೂ ಇದೆ. ಅದನ್ನು ನಮ್ಮಲ್ಲಿಗೇ ನಿಲ್ಲಿಸುವುದು ಲೇಸು.

ಕೋಪದಲ್ಲಿ ಬರೆದ ಪತ್ರವನ್ನು ರಾತ್ರಿ ಕಳೆಯುವವರೆಗೆ ಕಳುಹಿಸಬಾರದು. ಮುಂಚೆ ಟಪಾಲು ಪೆಟ್ಟಿಗೆಯವರೆಗೆ ನಡೆಯುವಷ್ಟರಲ್ಲಿ ಸಿಟ್ಟು ಇಳಿಯುತ್ತಿತ್ತು. ಜಿಮೇಲಿನಲ್ಲಿ ಕಳುಹಿಸಿದ್ದನ್ನು ಹಿಂಪಡೆಯಲು ಹೆಚ್ಚೆಂದರೆ 30 ಸೆಕೆಂಡುಗಳ ಅವಕಾಶ; ಆಮೇಲೆ ಬಾಣ ಬಿಲ್ಲನ್ನು ಬಿಟ್ಟಂತೆಯೇ.

ಮೋಸದ ಪತ್ರಗಳು

ಲಕೋಟೆಯ ಹಿಂದೆ ‘ಇಂದ’ ಎಂದು ಯಾರ ಹೆಸರನ್ನಾದರೂ ಬರೆಯಬಹುದಲ್ಲವೇ? ಇ-ಮೇಲಿನಲ್ಲಿಯೂ ಹಾಗೆಯೇ. ‘ಬ್ಯಾಂಕ್ ಮ್ಯಾನೇಜರ್’ ಎಂಬ ಹೆಸರು ಕಂಡ ಮಾತ್ರಕ್ಕೆ ನಂಬದೆ, @ ಚಿಹ್ನೆಯ ಬಲಬದಿಯನ್ನು ಅಕ್ಷರಶಃ ಓದಿರಿ. ಭಾರತೀಯ ರಿಜರ್ವ್ ಬ್ಯಾಂಕು ನಮ್ಮ ದೇಶದ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ಜಾಲವಿಳಾಸಗಳಿಗೆ ಸಾಗಲು ಆದೇಶಿಸಿತು. ಇದು ಗುರುತಿಗೆ ಸಹಾಯಕ. ಆದರೂ ವಿಳಾಸವನ್ನೂ ನಕಲಿಯಾಗಿ ತೋರಿಸಬಲ್ಲವರಿದ್ದಾರೆ. ಸಂಶಯ ಬಂದಾಗ ಪತ್ರದಲ್ಲಿರುವ ಸಂಖ್ಯೆಗೆ ಫೋನ್ ಮಾಡದೆ, ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ಮಾಡಿರಿ, ಇಲ್ಲವೇ ನೇರವಾಗಿ ಶಾಖೆಗೆ ಹೋಗಿರಿ.

ಮೋಸದ ಪತ್ರಕ್ಕೆ ಎರಡೇ ಗುಣ: ಅವಸರ ಮತ್ತು ಆಸೆ, ಇಲ್ಲವೇ ಅವಸರ ಮತ್ತು ಭಯ. ‘ಇಂದೇ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ’, ‘ಲಾಟರಿ ಬಂದಿದೆ’, ‘ನಿಮ್ಮ ಮೇಲೆ ಪೊಲೀಸ್ ಪ್ರಕರಣವಿದೆ’ ಎಂದೆಲ್ಲ ಬರೆದಿರುತ್ತಾರೆ. ‘ಡಿಜಿಟಲ್ ಬಂಧನ’ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ಒಟಿಪಿ, ಗುಪ್ತಪದ, ಕಾರ್ಡಿನ ಸಂಖ್ಯೆಗಳನ್ನು ಯಾವ ಬ್ಯಾಂಕೂ ಇ-ಮೇಲಿನಲ್ಲಿ ಕೇಳುವುದಿಲ್ಲ. ಅಪರಿಚಿತರ ಲಗತ್ತುಗಳನ್ನು ತೆರೆಯಬೇಡಿರಿ. ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿರಿ; ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಜೀವಮಾನದ ಉಳಿತಾಯಕ್ಕಿಂತ ಒಂದು ದಿನದ ಸಂಕೋಚ ದೊಡ್ಡದಲ್ಲ.

ಕನ್ನಡದಲ್ಲಿಯೇ ಬರೆಯೋಣ

ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಬಂದ ‘ಬರಹ’ ಮುಂತಾದ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಜನಸಾಮಾನ್ಯರಿಗೆ ಸುಲಭಗೊಳಿಸಿದವು. ಮುಂಚೆ ಓದುವವರ ಯಂತ್ರದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ನಮ್ಮ ಪತ್ರ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಸಂಕೇತಪದ್ಧತಿ ರೂಢಿಗೆ ಬಂದಮೇಲೆ ಆ ತೊಡಕು ಬಹುಮಟ್ಟಿಗೆ ನೀಗಿದೆ. ಈಗ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯಿದೆ. ಬಾಯಿಂದ ಹೇಳಿದರೂ ಅಕ್ಷರ ಮೂಡುತ್ತದೆ. ಹೀಗಿರುವಾಗ ಮಕ್ಕಳಿಗೆ ಬರೆಯುವ ಪತ್ರವನ್ನು ರೋಮನ್ ಲಿಪಿಯಲ್ಲಿ ಬರೆಯುವುದೇಕೆ?

ಗಡಿಯಾಚೆಯ ಕನ್ನಡಿಗರಾದ ನಾವು ಅರಿಯಬೇಕಾದ ಇನ್ನೊಂದು ಸಂಗತಿಯುಂಟು. ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಕುಂದುಕೊರತೆಯ ಮನವಿಯನ್ನು, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಅದರ ಮುಂದಿನ 350ಎ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳ ಮಾತೃಭಾಷಾ ಶಿಕ್ಷಣದ ವಿಷಯವನ್ನು ಹೇಳುತ್ತದೆ. ಶಿಕ್ಷಕರ ಹುದ್ದೆ ಖಾಲಿಯಿದ್ದರೆ, ಪಠ್ಯಪುಸ್ತಕ ಬಾರದಿದ್ದರೆ, ಕನ್ನಡದಲ್ಲಿ ವಿನಯದಿಂದ ಬರೆಯಿರಿ. ಕೆಲಸ ಬೇಗನಾಗಲೆಂದು ತೆಲುಗು ಅಥವಾ ಇಂಗ್ಲಿಷ್ ಅನುವಾದವನ್ನು ಜೊತೆಗಿರಿಸಿರಿ. ಕಳುಹಿಸಿದ ದಿನಾಂಕವೂ ಸಮಯವೂ ನಿಮ್ಮ ಪೆಟ್ಟಿಗೆಯಲ್ಲಿ ದಾಖಲೆಯಾಗಿ ಉಳಿಯುತ್ತವೆ. ‘ನಿಮ್ಮ ಅರ್ಜಿ ಕಳುಹಿಸಿಯೇ ಇಲ್ಲ’ ಎಂದು ಯಾರೂ ಸುಲಭವಾಗಿ ಹೇಳಲಾರರು.

ಹಳೆಯ ವಿದ್ಯಾರ್ಥಿ ಮಿತ್ರರೇ, ಈ ಊರಿನಲ್ಲಿ ಕನ್ನಡ ಶಾಲೆ ಉಳಿಯುವುದು ಕನ್ನಡದಲ್ಲಿ ಬರೆಯುವವರೂ ಓದುವವರೂ ಇರುವವರೆಗೆ ಮಾತ್ರ. ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರೊಬ್ಬರಿಗೆ ಈ ವಿದ್ಯೆಯನ್ನು ತಾಳ್ಮೆಯಿಂದ ಕಲಿಸಿ, ಅವರಿಂದ ಒಂದು ಕನ್ನಡ ಪತ್ರವನ್ನು ಬರೆಸಿಕೊಳ್ಳಲೆಂದು ಹಾರೈಸುತ್ತೇನೆ.