ಕಡಿದ ತಂತಿ, ಕೆಡದ ಕೆಲಸ

ಕಲಾ ವಿದ್ಯಾರ್ಥಿಗೆ ಕಂಪ್ಯೂಟರಿನ ಕಪ್ಪು ಪರದೆಯ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ನನ್ನ ಅನುಭವವೇ ಅದಕ್ಕೆ ಉತ್ತರ.

ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳು ಮುಟ್ಟಿದರೆ ಮುರಿಯುವಂತಾಗಿವೆ. ಪುಟಗಳ ಛಾಯಾಚಿತ್ರ ತೆಗೆದು, ಟೆಸರಾಕ್ಟ್ ಎಂಬ ತಂತ್ರಾಂಶದಿಂದ ಅಕ್ಷರಗಳನ್ನು ಓದಿಸುವ ಕೆಲಸವನ್ನು ನಾನೂ ಗುಂಡ್ಲುಪೇಟೆಯ ಗೆಳೆಯನೊಬ್ಬನೂ ವಹಿಸಿಕೊಂಡೆವು. ಕಂಪ್ಯೂಟರು ಚಾಮರಾಜನಗರದಲ್ಲಿ, ಕಾಲೇಜಿನಲ್ಲಿದೆ. ಗೆಳೆಯನು ಸಂಜೆಯ ಬಸ್ಸಿಗೆ ಊರು ಸೇರಿ, ಅಲ್ಲಿಂದಲೇ ಎಸ್‌ಎಸ್‌ಎಚ್ ಎಂಬ ಸಂಪರ್ಕದ ಮೂಲಕ ಆಜ್ಞೆ ಕೊಡುತ್ತಿದ್ದನು. ಒಂದು ರಾತ್ರಿ ಅವನ ಮನೆಯಲ್ಲಿ ವಿದ್ಯುತ್ತು ಹೋಗಿ ಸಂಪರ್ಕ ಕಡಿಯಿತು. ಬೆಳಿಗ್ಗೆ ನೋಡಿದರೆ ಕಾಲೇಜಿನ ಯಂತ್ರ ಎಚ್ಚರವಾಗಿಯೇ ಇದೆ. ಕೆಲಸ ಮಾತ್ರ ನಡುರಾತ್ರಿಯಲ್ಲೇ ನಿಂತಿದೆ!

ಇದಕ್ಕೆ ಕಾರಣವುಂಟು. ಹಿಂದೆ ಟರ್ಮಿನಲ್‌ಗಳು ದೂರವಾಣಿ ತಂತಿಯ ಮೂಲಕವೂ ಯುನಿಕ್ಸ್ ಯಂತ್ರಗಳನ್ನು ಸೇರುತ್ತಿದ್ದವು. ಕರೆ ಕಡಿದರೆ ಯಂತ್ರವು ‘ಹ್ಯಾಂಗಪ್’ ಎಂಬ ಸಂಕೇತವನ್ನು ಕಳುಹಿಸುವುದು. ಅದನ್ನು ಪಡೆದ ಕೆಲಸ ಸಾಮಾನ್ಯವಾಗಿ ನಿಂತುಹೋಗುವುದು. ಆ ಪದ್ಧತಿ ಇಂದಿಗೂ ಉಳಿದಿದೆ.

ಪರಿಹಾರವೂ ಹಳೆಯದೇ. 1987ರಲ್ಲಿ ಬರ್ಲಿನ್ನಿನಲ್ಲಿ ಆಲಿವರ್ ಲೌಮನ್ ಮತ್ತು ಕಾರ್ಸ್ಟೆನ್ ಬೋರ್ಮನ್ ‘ಸ್ಕ್ರೀನ್’ ಎಂಬುದನ್ನು ರಚಿಸಿದರು. 2007ರಲ್ಲಿ ನಿಕೋಲಸ್ ಮ್ಯಾರಿಯಟ್ ‘ಟಿಮಕ್ಸ್’ ಹೊರತಂದರು. ನಮ್ಮ ಸೀಮೆಯಲ್ಲಿ ಅರಿಸಿನ ಬೇಯಿಸುವುದನ್ನು ನೆನೆಯಿರಿ. ಹೊಲದ ಯಜಮಾನ ಮನೆಗೆ ಹೋದರೂ ಒಲೆಯ ಬಳಿ ಆಳೊಬ್ಬನಿದ್ದರೆ ಕೊಪ್ಪರಿಗೆ ಬೇಯುತ್ತಲೇ ಇರುವುದಷ್ಟೆ? ಟಿಮಕ್ಸ್ ಆ ಆಳಿನಂತೆ ನಮಗೂ ಕೆಲಸಕ್ಕೂ ನಡುವೆ ನಿಲ್ಲುತ್ತದೆ. ತಂತಿ ಕಡಿದರೆ ನಾವು ಮಾತ್ರ ದೂರವಾಗುತ್ತೇವೆ.

ಕ್ರಮ ಸುಲಭ. ದೂರದ ಯಂತ್ರವನ್ನು ಸೇರಿದ ಮೇಲೆ ಅಲ್ಲಿ ‘ಟಿಮಕ್ಸ್ ನ್ಯೂ -ಎಸ್ ಸಂಚಿಕೆ’ ಎಂದು ಆರಂಭಿಸಬೇಕು. ‘ಸಂಚಿಕೆ’ ಎಂಬುದು ನಾವಿಟ್ಟ ಹೆಸರು. ಕಂಟ್ರೋಲ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಬಿಟ್ಟು, ಬಳಿಕ ಡಿ ಒತ್ತಿದರೆ ಹೊರಬರಬಹುದು. ‘ಟಿಮಕ್ಸ್ ಎಲ್‌ಎಸ್’ ಎಂದರೆ ನಡೆದಿರುವವುಗಳ ಪಟ್ಟಿ. ‘ಟಿಮಕ್ಸ್ ಅಟ್ಯಾಚ್ -ಟಿ ಸಂಚಿಕೆ’ ಎಂದರೆ ಮರಳಿ ಪ್ರವೇಶ. ಆದರೆ ದೂರದ ಯಂತ್ರವೇ ಆರಿದರೆ ಟಿಮಕ್ಸೂ ಆರುತ್ತದೆ. ಫಲಿತಾಂಶವನ್ನು ಆಗಾಗ ಕಡತಕ್ಕೆ ಬರೆಸುವುದು ಲೇಸು.

ಇನ್ನೊಂದು ಗುಣ ಇದಕ್ಕಿಂತ ಹಿರಿದು. ಒಂದೇ ಖಾತೆಯಿಂದ ಇಬ್ಬರು ಅದೇ ಹೆಸರಿಗೆ ಸೇರಿಕೊಂಡರೆ ಇಬ್ಬರಿಗೂ ಒಂದೇ ಪರದೆ. ಒಂದು ಸಂಜೆ ನಾನು ಕಾಲೇಜಿನಲ್ಲಿ ಕುಳಿತು, ವಾರವೆಲ್ಲ ತಿದ್ದಿದ ಪುಟಗಳ ಮೇಲೆಯೇ ತಿದ್ದದ ಪಾಠವನ್ನು ಬರೆಯುವ ಆಜ್ಞೆಯನ್ನು ಅರಿಯದೆ ಬೆರಳಚ್ಚಿಸಿದ್ದೆ. ಗುಂಡ್ಲುಪೇಟೆಯಲ್ಲಿ ಅದನ್ನು ಕಂಡ ಗೆಳೆಯನು, ನಾನು ಎಂಟರ್ ಒತ್ತುವ ಮೊದಲೇ ಕಂಟ್ರೋಲ್-ಸಿ ಒತ್ತಿ ಸಾಲನ್ನು ರದ್ದುಮಾಡಿದನು. ನಮ್ಮಿಬ್ಬರ ಶ್ರಮ ಉಳಿಯಿತು.

ಉಳಿಸಿದ ಕೈಗೆ ಅಳಿಸುವ ಶಕ್ತಿಯೂ ಅಷ್ಟೇ ಇರುತ್ತದೆ. ಆದುದರಿಂದ ನಂಬಿಕೆಯುಳ್ಳವರೊಡನೆ ಮಾತ್ರ ಹಂಚಿಕೊಳ್ಳಬೇಕು. ನೋಡಿ ಕಲಿಯುವವರು ಅಟ್ಯಾಚ್ ಆಜ್ಞೆಗೆ ‘-ಆರ್’ ಸೇರಿಸಿದರೆ ಸಾಕು. ಅವರ ಬೆರಳಚ್ಚು ಕೆಲಸವನ್ನು ತಾಕದು.

ಸಂಚಿಕೆಗಳ ಕೆಲಸ ಇನ್ನೂ ಬಹಳವಿದೆ. ಆಸಕ್ತ ಮಿತ್ರರು ಬಂದು ಕೈಜೋಡಿಸಲಿ. ನಡುವೆ ತಂತಿ ಕಡಿದರೂ ಚಿಂತೆಯಿಲ್ಲ.