ಅಳತೆಗೋಲು ಒಂದೇ ಇರಲಿ
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಉಳಿತಾಯಗಾರ ಮಿತ್ರರೆ, 2019ರಲ್ಲಿ ಬೆಂಗಳೂರಿನ ಎಂಬೆಸಿ ಸಂಸ್ಥೆಯ ಕಚೇರಿ ಸಂಕೀರ್ಣಗಳಿಂದ ನಮ್ಮ ದೇಶದಲ್ಲಿ ಆರಂಭಗೊಂಡ ‘ರೀಟ್’ ಎಂಬ ಸ್ಥಿರಾಸ್ತಿ ಹೂಡಿಕೆಯಲ್ಲಿ ಹಣ ತೊಡಗಿಸುವ ಮುನ್ನ, ಅದರ ಸುಸ್ಥಿರತಾ ವರದಿಯಲ್ಲಿ ವಿದ್ಯುತ್ ಹಾಗೂ ನೀರಿನ ಬಳಕೆಯನ್ನು ಯಾವುದರಿಂದ ಭಾಗಿಸಿರುವರೆಂಬುದನ್ನು ಅವಶ್ಯವಾಗಿ ಪರಿಶೀಲಿಸಿರಿ. ಒಬ್ಬರು ಕಾರ್ಪೆಟ್ ವಿಸ್ತೀರ್ಣವನ್ನೂ ಮತ್ತೊಬ್ಬರು ಒಟ್ಟು ನಿರ್ಮಿತ ವಿಸ್ತೀರ್ಣವನ್ನೂ ಆಧಾರವಾಗಿರಿಸಿಕೊಂಡರೆ, ಒಂದೇ ಗಾತ್ರದ, ಅಷ್ಟೇ ವಿದ್ಯುತ್ತನ್ನು ವ್ಯಯಿಸುವ ಎರಡು ಕಟ್ಟಡಗಳಲ್ಲಿ, ಹೆಚ್ಚಿನ ವಿಸ್ತೀರ್ಣದಿಂದ ಭಾಗಿಸಿದ ಎರಡನೆಯದೇ ಮಿತವ್ಯಯಿಯೆಂದು ತೋರುವುದು. ಬಾಡಿಗೆದಾರರ ಬಳಕೆಯನ್ನು ಲೆಕ್ಕದಿಂದ ಕೈಬಿಟ್ಟರಂತೂ ಹೋಲಿಕೆಯೇ ನಿರರ್ಥಕ. ನಮ್ಮ ವಾಣಿವಿಲಾಸ ಸಾಗರ ಜಲಾಶಯದ ನೀರಿನ ಮಟ್ಟ 130 ಅಡಿಯೆಂದರೆ ರೈತನಿಗೂ ಅಭಿಯಂತರನಿಗೂ ಒಂದೇ ಅರ್ಥವಷ್ಟೆ; ಕಟ್ಟಡಗಳ ಲೆಕ್ಕಕ್ಕೂ ಅಂಥದೇ ಒಂದು ಅಳತೆಗೋಲು ಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯು 2023ರಲ್ಲಿ ದೊಡ್ಡ ಕಂಪನಿಗಳ ಸುಸ್ಥಿರತಾ ವರದಿಗೆ ‘ಬಿ.ಆರ್.ಎಸ್.ಆರ್. ಕೋರ್’ ಎಂಬ ಸಮಾನ ಮಾನದಂಡಗಳನ್ನು ವಿಧಿಸಿದುದು ಸ್ತುತ್ಯವೇ. ಆದರೆ ಬಳಕೆಯನ್ನು ವಹಿವಾಟಿನ ರೂಪಾಯಿಯಿಂದ ಭಾಗಿಸಿದಲ್ಲಿ, ಬಾಡಿಗೆಯ ದರವೇರಿದ ಮಾತ್ರಕ್ಕೆ ಕಟ್ಟಡವು ಮಿತವ್ಯಯಿಯಾದಂತೆ ಕಾಣುವುದರಿಂದ, ಚದರಡಿಯ ಲೆಕ್ಕವನ್ನೂ ಅದರ ವ್ಯಾಖ್ಯೆಯನ್ನೂ ನೀವು ಸಂಕೋಚವಿಲ್ಲದೆ ಕೇಳಿ ಪಡೆಯಿರಿ.